ಬಲಮೂಲೆಯ ಕಪ್ಪು ಚುಕ್ಕೆ

ಸೋಮವಾರ ಬೆಳಿಗ್ಗೆ ಸ್ಟುಡಿಯೋಗೆ ಬಂದ ಮೊದಲ ಗಿರಾಕಿಯ ಹೆಗಲ ಮೇಲೆ ಯಾರೋ ಸಿಂಬಳ ಒರೆಸಿದಂತಿತ್ತು.

ನಿಜವಾದ ಹೆಗಲ ಮೇಲಲ್ಲ—ಫೋಟೋದಲ್ಲಿ. ಮನುಷ್ಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಿಳಿ ಪರದೆಯ ಮುಂದೆ ನೆಟ್ಟಗೆ ಕೂತಿದ್ದ. ಚಿತ್ರದಲ್ಲಿ ಮಾತ್ರ ಕೆಳಗೆ ಬಲಬದಿಗೆ ಒಂದು ಹಳದಿ ಮಬ್ಬು ಗೀಟು. ಸ್ಟುಡಿಯೋ ಯಜಮಾನರು ಇನ್ನೊಂದು ತೆಗೆದರು—ಅಲ್ಲೇ. ಮತ್ತೊಂದು—ಅಲ್ಲೇ. ಗಿರಾಕಿ ತನ್ನ ಹೆಗಲನ್ನು ಎರಡು ಸಲ ಕೊಡವಿಕೊಂಡು, ಮುಖ ಸಿಂಡರಿಸಿ ಎದ್ದುಹೋದ.

ಯಜಮಾನರು ಲೆನ್ಸ್ ಬಿಚ್ಚಿ ಕ್ಯಾಮೆರಾದ ಬಾಯಿಗೆ ಟಾರ್ಚ್ ಹಿಡಿದರು. ಮರುಕ್ಷಣವೇ ಕತ್ತನ್ನು ಹಿಂದಕ್ಕೆ ಎಳೆದುಕೊಂಡರು.

ಹಿಂದೆ ರೀಲು ಇರುತ್ತಿದ್ದ ಜಾಗದಲ್ಲಿ ಈಗಿನ ಕ್ಯಾಮೆರಾಗಳಲ್ಲಿ ಅಂಚೆಚೀಟಿಯಷ್ಟು ಅಗಲದ ಹೊಳೆಯುವ ಬಿಲ್ಲೆಯಿರುತ್ತದೆ. ಅದೇ ಸೆನ್ಸರ್. ಚಿತ್ರ ಬೀಳುವುದು ಅದರ ಮೇಲೆ. ಅದಕ್ಕೆ ಯಾರೋ ಮೇಣದಂಥ ಜಿಡ್ಡು ಬಳಿದಿದ್ದರು. ಜಿಡ್ಡಿಗೆ ಹತ್ತಿಯ ಎಳೆಯೊಂದು ಅಂಟಿಕೊಂಡು ಅಲ್ಲಾಡುತ್ತಿತ್ತು.

ಹತ್ತೇ ನಿಮಿಷದಲ್ಲಿ ಅಪರಾಧಿಯೂ ಸಿಕ್ಕಾಗಿತ್ತು! ಬಚ್ಚಲಿನ ಮೂಲೆಯಲ್ಲಿದ್ದ ಕಸದ ಮೊರದಲ್ಲಿ ಕಿವಿಗೆ ಹಾಕಿಕೊಳ್ಳುವ ಹತ್ತಿಕಡ್ಡಿ. ಅದರ ತುದಿ ಹಳದಿ. ಮೊರ ದೊಡ್ಡಕ್ಕನದು. ಹನ್ನೊಂದು ವರ್ಷದಿಂದ ಸ್ಟುಡಿಯೋವನ್ನು ಗುಡಿಸಿ ಒರೆಸುವ ಹೆಂಗಸು. "ಮಧ್ಯಾಹ್ನದೊಳಗೆ ಬೀಗದ ಕೈ ಇಟ್ಟು ಹೊರಡು" ಎಂದು ಯಜಮಾನರ ಅಳಿಯ ಹೇಳಿಯೇಬಿಟ್ಟ. ಆ ಬೀದಿಯ ಇನ್ನೂ ಮೂರು ಅಂಗಡಿ ಗುಡಿಸುವವಳೂ ಅವಳೇ. ಇಲ್ಲಿಂದ ಕೆಟ್ಟ ಹೆಸರು ಹೊತ್ತು ಹೊರಟರೆ ಆ ಮೂರೂ ಬಾಗಿಲು ಸಂಜೆಯೊಳಗೆ ಮುಚ್ಚಿಕೊಳ್ಳುತ್ತವೆ.

ಯಜಮಾನರಿಗೆ ಮನಸ್ಸು ಒಪ್ಪಲಿಲ್ಲ. ನಮ್ಮ ಅತ್ತಿಗೆಗೆ ಫೋನ್ ಮಾಡಿದರು.

ಅತ್ತಿಗೆ ಮೂವತ್ತು ವರ್ಷ ಕ್ಯಾಮೆರಾ ರಿಪೇರಿ ಮಾಡಿದವರು. ಬೆನ್ನ ಹಿಂದೆ ಜನ ಅವರನ್ನು ಭೂತಗನ್ನಡಿ ಎನ್ನುತ್ತಾರೆ. ಅವರ ಸಾಮಾನಿನ ಚೀಲ ಹೊರುವವಳು ನಾನು, ನಾದಿನಿ. ಕೊಳಕು ಕಂಡರೆ ಅತ್ತಿಗೆಗೆ ಮೈಯೆಲ್ಲ ಮುಳ್ಳೇಳುತ್ತದೆ. ಬಸ್ಸಿನಲ್ಲಿ ಕಂಬಿ ಹಿಡಿಯುವುದಕ್ಕೂ ಕರವಸ್ತ್ರ ಬೇಕು ಅವರಿಗೆ.

ನಾವು ಹೋದಾಗ ದೊಡ್ಡಕ್ಕ ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದಳು. ಬೀಗದ ಕೈ ಆಗಲೇ ಮೇಜಿನ ಮೇಲಿತ್ತು. ಒಳಗೆ ಫೋಟೋ ತಿದ್ದುವ ಹೆಂಗಸು ಕಂಪ್ಯೂಟರಿನ ಮುಂದೆ ಕನ್ನಡಕ ಹಣೆಗೇರಿಸಿ ಕೂತಿದ್ದಳು.

"ಬನ್ನಿ ಅಮ್ಮಾ, ಟೀ ತಗೊಳ್ಳಿ" ಎಂದ ಅಳಿಯ. ಕಿರುಬೆರಳನ್ನು ಬಲಗಿವಿಗೆ ತೂರಿಸಿ ತಿರುವಿದ, ತೆಗೆದು ತುದಿ ನೋಡಿಕೊಂಡ, ಪ್ಯಾಂಟಿಗೆ ಒರೆಸಿದ. ಅದೇ ಕೈಯಲ್ಲಿ ಲೋಟದ ಅಂಚು ಹಿಡಿದು ಎತ್ತಿದ.

"ಅಲ್ಲೇ ಇಡಿ" ಎಂದರು ಅತ್ತಿಗೆ. "ನನಗೂ ಬೇಡ, ಇವಳಿಗೂ ಬೇಡ."

ನನಗೆ ಬೇಕಿತ್ತು. ಆದರೆ ಆ ಬೆರಳು ನೋಡಿದ ಮೇಲೆ ಬೇಡವಾಯಿತು.

ಅತ್ತಿಗೆ ಚಿಮುಟದಲ್ಲಿ ಕಡ್ಡಿ ಎತ್ತಿ ಭೂತಗನ್ನಡಿಯಲ್ಲಿ ನೋಡಿದರು. ತುಟಿ ಬಿಗಿದುಕೊಂಡವು.

"ಏನತ್ತಿಗೆ, ಎಣ್ಣೆನಾ?"

"ಗುಗ್ಗೆ."

ತಿದ್ದುವಾಕೆ "ಥೂ!" ಎಂದು ಕುರ್ಚಿ ಹಿಂದಕ್ಕೆ ಸರಿಸಿದಳು. ನಾನು ಚೀಲದೊಳಗೆ ಏನನ್ನೋ ಹುಡುಕುವವಳಂತೆ ತಲೆ ಬಗ್ಗಿಸಿದೆ.

"ಕಿವಿ ಎಲ್ಲರಿಗೂ ಇದೆ ಬಿಡಿ" ಎಂದ ಅಳಿಯ. "ಮೊರ ಯಾರದ್ದು ಅನ್ನೋದು ಮುಖ್ಯ."

"ಆಯ್ತು, ಮೊರದಿಂದಲೇ ಶುರು ಮಾಡೋಣ." ಅತ್ತಿಗೆ ದೊಡ್ಡಕ್ಕನ ಕಡೆ ತಿರುಗಿದರು. "ನಿನ್ನೆ ಭಾನುವಾರ, ಅಂಗಡಿ ರಜೆ. ಶನಿವಾರ ಎಷ್ಟು ಹೊತ್ತಿಗೆ ಹೋದ್ರಿ?"

"ನಾಲ್ಕಕ್ಕಮ್ಮಾ. ಕಸ ಎಸೆದು, ಮೊರ ತೊಳೆದು, ಬೋರಲು ಹಾಕಿ ಹೋದೆ. ನೀರು ಇಳೀಬೇಕಲ್ಲ."

"ಆಗ ಒಳಗೆ ಯಾರಿದ್ರು?"

"ಈ ಮೂವರೂ ಇದ್ರು."

"ಇವತ್ತು ಗುಡಿಸಿದ್ರಾ?"

"ಎಲ್ಲಿ ಬಿಟ್ರು? ಕಸಬರಿಗೆ ಕೈಗೆ ತಗೊಳ್ಳೋ ಮುಂಚೆನೇ ನನ್ನ ಗುಡಿಸಿ ಆಚೆ ಹಾಕಿದ್ರು." ಅವಳು ಮೇಜಿನ ಕಡೆ ಕೈ ತೋರಿದಳು. "ಆ ಕ್ಯಾಮೆರಾ ಇರೋ ಮೇಜನ್ನ ನಾನು ಸುತ್ತಲೂ ಒರೆಸ್ತೀನಮ್ಮಾ, ಹತ್ರ ಹೋಗಲ್ಲ. ಹನ್ನೊಂದು ವರ್ಷದಲ್ಲಿ ಒಂದ್ಸಲ ಮುಟ್ಟಿದ್ರೆ ಕೇಳಿ."

"ಕಡ್ಡಿ ಮೊದಲು ಕಂಡಿದ್ದು ಯಾರಿಗೆ?"

"ನನಗೆ" ಎಂದ ಅಳಿಯ.

"ಮೊರದಲ್ಲಿ ಬೇರೆ ಕಸ ಇತ್ತಾ?"

"ಇಲ್ಲ. ಕಡ್ಡಿ ಒಂದೇ."

ಅತ್ತಿಗೆ ಹೂಂಗುಟ್ಟಿ ತಿದ್ದುವಾಕೆಯ ಬಳಿ ಹೋದರು. ಪರದೆಯ ಮೇಲೆ ಬೆಳಗಿನ ಗಿರಾಕಿಯ ಫೋಟೋ. ಕೆಳಗೆ ಆ ಅಸಹ್ಯದ ಗೀಟು. ಮೇಲೆ ಬಲಮೂಲೆಯಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ.

"ಈ ಚುಕ್ಕೆ?"

"ಅಯ್ಯೋ, ಅದೊಂದು ಪೀಡೆ! ಒಂದು ತಿಂಗಳಾಯ್ತು, ಯಾವ ಫೋಟೋ ತೆಗೆದ್ರೂ ಅದೇ ಜಾಗದಲ್ಲಿ. ಮದುವೆದು ಎಂಟುನೂರು ಫೋಟೋ—ಎಂಟುನೂರು ಚುಕ್ಕೆ ಅಳಿಸಿದ್ದೀನಿ. ಅಳಿಸದೆ ಒಂದನ್ನೂ ಪ್ರಿಂಟಿಗೆ ಬಿಟ್ಟಿಲ್ಲ. ಮುಂದಿನ ಗಾಜು ಸರಿಯಾಗಿ ಒರೆಸ್ರಪ್ಪಾ ಅಂತ ದಿನಾ ಬಡ್ಕೋತೀನಿ. ನಾನೇ ಒರೆಸಿದೆ. ಹೋಗ್ಲಿಲ್ಲ."

"ಯಾವ ಗಾಜು?"

"ಇನ್ಯಾವುದು? ಲೆನ್ಸು."

ಅಳಿಯ ಕಿಸಕ್ಕನೆ ನಕ್ಕ. "ಅದು ಲೆನ್ಸಲ್ಲ ಮೇಡಂ, ಸೆನ್ಸರ್ ಮೇಲಿನ ಧೂಳು. ನಾನೇ ಕ್ಲೀನ್ ಮಾಡ್ತೀನಿ ಅಂದಿದ್ದೆ, ವಿಡಿಯೋ ಎಲ್ಲಾ ನೋಡಿ ಕಲ್ತಿದ್ದೀನಿ. ಮಾವ ಬೇಡ ಅಂದ್ರು."

"ರಿಪೇರಿಯವರಿಗೇ ಕೊಡೋಣ ಅಂದೆ" ಎಂದರು ಯಜಮಾನರು. "ನಮ್ಮ ಅಳಿಯಂದಿರ ಕೈ ನನಗೆ ಗೊತ್ತು."

"ಬೇಡ ಅಂದ್ಮೇಲೆ ನಾನು ಮುಟ್ಟಿಲ್ಲ. ಆಯ್ತಲ್ಲ?"

ಅತ್ತಿಗೆ ನನ್ನಿಂದ ಕಾಗದ ತೆಗೆದುಕೊಂಡು ನಾಲ್ಕು ಚೀಟಿ ಹರಿದರು. ಪ್ರತಿಯೊಂದರಲ್ಲೂ ಒಂದು ಚೌಕ ಬರೆದರು.

"ಇದು ಸೆನ್ಸರ್. ಲೆನ್ಸ್ ಬಿಚ್ಚಿ ಮುಂದಿನಿಂದ ಒಳಗೆ ಇಣುಕಿದ್ದೀರಿ ಅಂದ್ಕೊಳ್ಳಿ. ಆ ಕಪ್ಪು ಚುಕ್ಕೆಯ ಧೂಳು ಎಲ್ಲಿ ಕೂತಿದೆ? ಗುರುತು ಹಾಕಿ. ಒಬ್ಬರದ್ದು ಒಬ್ಬರು ನೋಡಬಾರದು."

"ಪರೀಕ್ಷೆನಾ?" ಎಂದು ನಕ್ಕ ಅಳಿಯ, ದಪ್ಪಗೆ ಒಂದು ಗುಣಿಸುವ ಗುರುತು ಹಾಕಿ ಎಲ್ಲರಿಗಿಂತ ಮೊದಲು ಕೊಟ್ಟ. ತಿದ್ದುವಾಕೆ ಖಾಲಿ ಚೀಟಿ ಮರಳಿಸಿದಳು—"ಒಳಗೆ ಬಿಲ್ಲೆ ಇದೆ ಅಂತ ನನಗೆ ಗೊತ್ತಾಗಿದ್ದೇ ಇವತ್ತು." ದೊಡ್ಡಕ್ಕ ಗೋಡೆಯ ಮೇಲಿದ್ದ ಕಟ್ಟು ಹಾಕಿದ ಫೋಟೋಗಳನ್ನು ಒಂದೊಂದಾಗಿ ನೋಡಿ ಕೇಳಿದಳು, "ಯಾವ ಚುಕ್ಕೆನಮ್ಮಾ? ಇದರಲ್ಲೆಲ್ಲೂ ಇಲ್ವಲ್ಲ!"

ಯಜಮಾನರು ತಮ್ಮ ಚೀಟಿಯನ್ನು ಮಡಿಸಿ ಕೊಟ್ಟರು.

ಅತ್ತಿಗೆ ಎಲ್ಲವನ್ನೂ ಓದಿ, ಕೈಗವಸು ಹಾಕಿಕೊಂಡು, ಕ್ಯಾಮೆರಾದೊಳಗೆ ಟಾರ್ಚ್ ಬಿಟ್ಟು ನನ್ನನ್ನು ಕರೆದರು.

"ಗುಗ್ಗೆ ಎಲ್ಲಿದೆ ನೋಡಿ ಹೇಳು."

ಮೂಗು ಮುಚ್ಚಿಕೊಂಡೇ ನೋಡಿದೆ. "ಮೇಲೆ, ಬಲಕ್ಕೆ."

"ಧೂಳು?"

ಬಿಳಿ ಬೆಳಕಿನಲ್ಲಿ ಸಣ್ಣ ಕಣವೊಂದು ಕಂಡಿತು. "ಕೆಳಗೆ, ಬಲಕ್ಕೆ. ಅದನ್ನ ಯಾರೂ ಮುಟ್ಟೇ ಇಲ್ವಲ್ಲ ಅತ್ತಿಗೆ!"

"ಹೂಂ." ಅತ್ತಿಗೆ ನೆಟ್ಟಗೆ ನಿಂತರು. "ಲೆನ್ಸು ಚಿತ್ರವನ್ನ ತಲೆಕೆಳಗಾಗಿ ಬೀಳಿಸುತ್ತೆ. ಫೋಟೋದಲ್ಲಿ ಮೇಲೆ ಕಾಣೋ ಚುಕ್ಕೆಯ ಧೂಳು ಸೆನ್ಸರಿನಲ್ಲಿ ಕೆಳಗಿರುತ್ತೆ. ಮುಂದಿನಿಂದ ನೋಡಿದ್ರೆ ಬಲ ಮಾತ್ರ ಬಲವೇ. ಒರೆಸಿದವರಿಗೆ ಇದು ಗೊತ್ತಿರಲಿಲ್ಲ. ಫೋಟೋ ನೋಡಿ, ಮೇಲೆ ಬಲಮೂಲೆಯನ್ನೇ ಹುಡುಕಿ ತಿಕ್ಕಿದ್ರು. ಧೂಳು ಇದ್ದಲ್ಲೇ ಉಳೀತು, ಜಿಡ್ಡು ಗಿರಾಕಿಯ ಹೆಗಲಿಗೆ ಬಂತು."

ಅತ್ತಿಗೆ ಟಾರ್ಚ್ ಆರಿಸಿ ಚೀಟಿಗಳನ್ನು ಕೈಗೆತ್ತಿಕೊಂಡರು.

"ಹಾಳು ಮಾಡೋಕೆ ಬಂದವರು ಮೂಲೆ ಹುಡುಕಲ್ಲ. ಚುಕ್ಕೆಯ ಜಾಗ ಗೊತ್ತಿದ್ದವರೇ ಇದನ್ನ ಮಾಡಿರೋದು. ದೊಡ್ಡಕ್ಕ ನೋಡಿರೋದು ಗೋಡೆ ಮೇಲಿನ ಪ್ರಿಂಟು ಮಾತ್ರ, ಅದರಲ್ಲಿ ಚುಕ್ಕೆಯೇ ಇಲ್ಲ. ಫೋಟೋ ತಿದ್ದೋ ಇವರು ಧೂಳು ಲೆನ್ಸಿನ ಮೇಲಿದೆ ಅಂತ ತಿಂಗಳಿಡೀ ಲೆನ್ಸ್ ಒರೆಸಿದ್ದಾರೆ. ಯಜಮಾನರು ಹಳೇ ದೊಡ್ಡ ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ಬೆಳೆದವರು, ತಲೆಕೆಳಗಾದ ಮುಖಗಳನ್ನ ನೋಡಿ ನೋಡಿಯೇ ಕೆಲಸ ಕಲಿತವರು. ಅವರ ಗುರುತು ನೋಡಿ—ಕೆಳಗೆ ಬಲಕ್ಕೆ." ಅತ್ತಿಗೆ ಕೊನೆಯ ಚೀಟಿಯನ್ನು ಅಳಿಯನ ಮುಂದಿಟ್ಟರು. "ಇನ್ನು ಇದು—ಮೇಲೆ ಬಲಕ್ಕೆ. ಗುಗ್ಗೆ ಇರೋ ಜಾಗಕ್ಕೆ ಸರಿಯಾಗಿ."

"ಊಹೆ ಮಾಡಿದ್ದಪ್ಪಾ! ಊಹೆ ತಪ್ಪಾದ್ರೆ ಅಪರಾಧಾನಾ?"

"ಕಿವಿಗೆ ಹಾಕಿದ ಕಡ್ಡಿಯನ್ನ ಸೆನ್ಸರಿಗೆ ಹಾಕೋರು—"

"ಕಿವಿಗೆ ಹಾಕಿದ್ದು ಆ ಕಡೆ ತುದಿ! ಈ ತುದಿ ಕ್ಲೀನ್ ಇತ್ತು!"

ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೇ ಕೇಳಿಸಿತು. ಕಿರುಬೆರಳು ತಾನಾಗಿ ಕಿವಿಯ ಕಡೆ ಹೊರಟು ಅರ್ಧ ದಾರಿಯಲ್ಲಿ ನಿಂತಿತು.

"ಜೇಬಿನಲ್ಲಿ ಎರಡೂ ತುದಿ ಒಟ್ಟಿಗೇ ಹೊರಳಾಡಿರುತ್ತೆ, ರಾಮ ರಾಮ" ಎಂದು ಗೊಣಗಿಕೊಂಡಳು ತಿದ್ದುವಾಕೆ.

"ಸೆನ್ಸರನ್ನ ಮನೇಲೇ ಕ್ಲೀನ್ ಮಾಡಬಹುದು, ಅದು ತಪ್ಪಲ್ಲ" ಎಂದರು ಅತ್ತಿಗೆ. "ಮೊದಲು ಕೈ ತೊಳೀಬೇಕು. ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ರಬ್ಬರ್ ಪಂಪಿನಿಂದ ಗಾಳಿ ಊದಬೇಕು. ಮುಕ್ಕಾಲು ಪಾಲು ಧೂಳು ಅಷ್ಟಕ್ಕೇ ಬಿದ್ದುಹೋಗುತ್ತೆ. ಹೋಗದಿದ್ರೆ ಅದಕ್ಕಂತಲೇ ಇರೋ ಹೊಸ ಒರೆಸುಕಡ್ಡಿ. ಈ ಸೆನ್ಸರಿಗೂ ಗೀರು ಬಿದ್ದಿಲ್ಲ, ನಾನು ತೆಗೆದುಕೊಡ್ತೀನಿ. ಗುಗ್ಗೆ ಹೋಗುತ್ತೆ." ಅವರ ದನಿ ತಗ್ಗಿತು. "ನನಗೆ ವಾಕರಿಕೆ ಬರ್ತಿರೋದು ಅದಕ್ಕಲ್ಲ. ದೊಡ್ಡಕ್ಕ ಮೊರ ಬೋರಲು ಹಾಕಿ ಹೋಗಿದ್ರು, ಇವತ್ತು ಮುಟ್ಟೇ ಇಲ್ಲ. ಬೋರಲು ಮೊರದೊಳಗೆ ಕಡ್ಡಿ ತಾನಾಗಿ ಬೀಳಲ್ಲ. ಒಂದು ಚೂರು ಧೂಳಿಲ್ಲದ ಮೊರದಲ್ಲಿ ಕಡ್ಡಿ ಒಂದೇ. ಶನಿವಾರ ಅವರು ಹೋದ ಮೇಲೆ, ಕೆಲಸ ಕೆಟ್ಟ ಮೇಲೆ, ನೀವು ಬಚ್ಚಲಿಗೆ ಹೋಗಿ ಆ ಮೊರ ಮಗುಚಿ ಕಡ್ಡಿ ಹಾಕಿದ್ರಿ. ಬೇಕಂತಲೇ."

ಯಜಮಾನರು ಅಳಿಯನನ್ನು ನೋಡಿದರು. ತಟ್ಟೆಯಲ್ಲಿ ಕೂದಲು ಕಂಡವರ ಹಾಗೆ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಬೀಗದ ಕೈಯನ್ನು ಎತ್ತಿಕೊಂಡು, ಎರಡೂ ಕೈಯಲ್ಲಿ ದೊಡ್ಡಕ್ಕನ ಮುಂದೆ ಹಿಡಿದರು.

"ತಪ್ಪಾಯ್ತಮ್ಮಾ. ತಗೋ."

ದೊಡ್ಡಕ್ಕ ತೆಗೆದುಕೊಳ್ಳಲಿಲ್ಲ. ಕಣ್ಣು ಒರೆಸಿಕೊಂಡಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಮೊದಲು ಆ ಮೊರ ತೊಳೀಲಿ. ಅವರ ಗುಗ್ಗೆ ನಾನು ಮುಟ್ಟಲ್ಲ."

ಅಳಿಯ ಮಾವನ ಮುಖ ನೋಡಿದ. ಅಲ್ಲಿ ಏನೂ ಸಿಗಲಿಲ್ಲ. ಬಚ್ಚಲಿಗೆ ಹೋದ. ನಲ್ಲಿ ಸುರಿಯಿತು, ಸೋಪಿನ ನೊರೆ ಬಂತು. ನಾವೆಲ್ಲ ಬಾಗಿಲಲ್ಲಿ ನಿಂತು ನೋಡಿದೆವು. ಅವನು ಮೊರವನ್ನು ಗೋಡೆಗೆ ಒರಗಿಸಿ ತಿರುಗಿದ.

"ಹಾಗಲ್ಲ" ಎಂದಳು ದೊಡ್ಡಕ್ಕ. "ಬೋರಲು."

ಅವನು ಬಗ್ಗಿ ಬೋರಲು ಹಾಕಿದ. ಆಮೇಲೆ ಅವಳು ಬೀಗದ ಕೈ ತೆಗೆದುಕೊಂಡಳು.