ಬೋಣಿ ಸುತ್ತು

ತೊಟ್ಟಿಲು ತುತ್ತತುದಿಗೆ ಬಂದು ಗಕ್ಕನೆ ನಿಂತಿತು.

ಭವ್ಯ ಎರಡೂ ಕೈಯಿಂದ ಅಡ್ಡಸಲಾಕೆ ಹಿಡಿದುಕೊಂಡಳು. ಅಪ್ಪ ಎಂದೂ ಹೀಗೆ ನೆತ್ತಿಯಲ್ಲಿ ನಿಲ್ಲಿಸಿದವನಲ್ಲ... ಬಗ್ಗಿ ನೋಡಿದಳು. ಜೈಂಟ್ ವೀಲಿನ ಮೋಟಾರಿನ ಪಕ್ಕ ಅಪ್ಪ ಹನುಮಣ್ಣ ಸುಮ್ಮನೆ ನಿಂತಿದ್ದ. ಸ್ವಿಚ್ಚಿನ ಮೇಲಿದ್ದ ಕೈ ಬೇರೆಯವರದು. ಹಳದಿ ಹೆಲ್ಮೆಟ್, ಇಸ್ತ್ರಿ ಮಾಡಿದ ಅಂಗಿ.

“ಯಾರ್ರಿ ಅದು ನಿಲ್ಸಿದ್ದು?”

“ನೀವ್ಯಾರ್ರಿ ಅದರಾಗ ಕುಂತೋರು? ಟೆಸ್ಟ್ ಓಡಿಸೋವಾಗ ಮನುಷ್ಯಾರು ಹತ್ತಬಾರ್ದು.”

“ಹತ್ತಿ ಆಗೇತಲ್ಲ. ಮೊದ್ಲು ಕೆಳಗ ಇಳಸ್ರಿ, ಆಮ್ಯಾಲೆ ರೂಲ್ಸು ಹೇಳ್ರಿ.”

ಅವನು ತಬ್ಬಿಬ್ಬಾಗಿ ಹನುಮಣ್ಣನ ಮುಖ ನೋಡಿದ.

“ಹಸಿರುದು ಒತ್ರಿ ಸಾಹೇಬ್ರ. ಆಕಿ ಸಿಟ್ಟು ಮ್ಯಾಲಿದ್ದಷ್ಟು ಹೊತ್ತೂ ಏರತೈತಿ.”

ಇಳಿದು ಬಂದ ಭವ್ಯಳಿಗೆ ಅವನು ಯಾರೆಂದು ಆಗ ತಿಳಿಯಿತು. ದುರುಗೇಶ್. ಸಂಡೂರಿನ ಕಡೆಯ ಯಶವಂತನಗರದವ, ಪಾರ್ಕನ್ನು ಕೊಂಡ ಹೊಸ ಕಂಪನಿಯ ಸುರಕ್ಷತಾ ಅಧಿಕಾರಿ.

ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ, ಬಾಳೆತೋಟಗಳ ನಡುವೆ ಇದ್ದ ಆ ಪಾರ್ಕನ್ನು ಕಟ್ಟಿಸಿದವರು ಕಂಪ್ಲಿಯ ಅಕ್ಕಿ ಗಿರಣಿಯ ದೊಡ್ಡಬಸಪ್ಪನವರು. ಹಂಪಿಯ ಹೊಳೆಯಲ್ಲಿ ಮಿಂದು, ವಿರೂಪಾಕ್ಷನಿಗೆ ಕೈ ಮುಗಿದು ಬರುವ ಸಂಸಾರಗಳು ಊಟದ ಬುತ್ತಿ ಬಿಚ್ಚುತ್ತಿದ್ದದ್ದು ಇಲ್ಲೇ. ವಯಸ್ಸಾದ ಮೇಲೆ ದೊಡ್ಡಬಸಪ್ಪನವರು ಅದನ್ನು ಮಾರಿಬಿಟ್ಟರು. ಕೊಂಡವರಿಗೆ ಊರೂರಲ್ಲಿ ಪಾರ್ಕುಗಳಿದ್ದವು. ಇದನ್ನು ನಡೆಸುತ್ತಾರೋ, ಕೆಡವಿ ಹಂಪಿಯ ಪ್ರವಾಸಿಗರಿಗೆ ರೆಸಾರ್ಟ್ ಕಟ್ಟುತ್ತಾರೋ... ಯಾರಿಗೂ ಗೊತ್ತಿರಲಿಲ್ಲ. ಅಪ್ಪ ವೀಲ್ ನಡೆಸುತ್ತಿದ್ದ, ಅಮ್ಮ ತಿಪ್ಪಕ್ಕ ಒಳಗೇ ಮಂಡಕ್ಕಿ-ಮಿರ್ಚಿ ಅಂಗಡಿ ಇಟ್ಟಿದ್ದಳು, ಡಿಪ್ಲೊಮಾ ಓದಿದ ಭವ್ಯ ಆಟಗಳ ನಟ್ಟು-ಬೋಲ್ಟು ನೋಡುತ್ತಿದ್ದಳು. ಗೇಟು ಮುಚ್ಚಿದರೆ ಒಂದೇ ಮನೆಯ ಮೂರೂ ಜನ ಬೀದಿಗೆ.

“ಇದು ಬೋಣಿ ಸುತ್ತು ಸರ್,” ಎಂದಳು ಅವಳು, ಕೈಯ ಗ್ರೀಸು ಒರೆಸಿಕೊಳ್ಳುತ್ತಾ. “ಗೇಟು ತೆಗಿಯೋ ಮೊದ್ಲು, ಯಾರು ಬೋಲ್ಟು ಬಿಗಿ ಮಾಡ್ಯಾರೋ ಅವರೇ ಮೊದಲನೇ ಸುತ್ತು ಕುಂದ್ರಬೇಕು. ನಾನು ಕುಂದ್ರಲಾರದ ತೊಟ್ಟಿಲದಾಗ ಮಂದಿ ಮಕ್ಕಳನ್ನ ಹೆಂಗ ಕುಂದ್ರಸಲಿ?”

ಅವನು ಅವಳನ್ನು ತುಸು ಹೊತ್ತು ನೋಡಿದ. ಅವನ ಮುಖ ಬಿಳಿಚಿತ್ತು.

“ನಾಳೆಯಿಂದ ಮರಳಿನ ಚೀಲ ಕುಂದ್ರಸ್ರಿ. ನೀವು ಬ್ಯಾಡ.”

ಅಷ್ಟೇ ಹೇಳಿ ಹೊರಟುಹೋದ.

*ಎಂಥಾ ಕಲ್ಲಿನಂಥ ಮನುಷ್ಯಾನಪ್ಪ...* ಎಂದುಕೊಂಡಳು ಭವ್ಯ.

ಆದರೆ ಕಲ್ಲು ಎಂದುಕೊಂಡದ್ದು ದಿನಗಳೆದಂತೆ ಅವಳ ಮನಸ್ಸಿನಲ್ಲಿ ಮೆತ್ತಗಾಗತೊಡಗಿತು.

ಹನುಮಣ್ಣನಿಗೆ ಬೇರಿಂಗಿಗೆ ಗ್ರೀಸು ತುಂಬುವಾಗ ತತ್ವಪದ ಹಾಡುವ ಅಭ್ಯಾಸ. ಒಂದು ಬೆಳಿಗ್ಗೆ ದುರುಗೇಶ್ ಏನೋ ಕೇಳಲು ಬಂದವನು, ಹಾಡು ಕಿವಿಗೆ ಬೀಳುತ್ತಲೇ ಕಂಬದ ಆಚೆ ನಿಂತ. ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಹಾಡು ಮುಗಿದ ಮೇಲೂ, ಅದರ ಕಾವು ಗಾಳಿಯಲ್ಲಿ ಆರುವವರೆಗೂ ಮಾತಾಡಲಿಲ್ಲ.

ದೂರದಿಂದ ಭವ್ಯ ಅದನ್ನು ಕಂಡಳು. ಹಾಡಿನ ನಡುವೆ ಹೆಸರು ಹಿಡಿದು ಕರೆಯದ ಮನುಷ್ಯ ಒಳಗೆ ಒರಟನಾಗಿರಲಾರ ಅನ್ನಿಸಿತು ಅವಳಿಗೆ.

ಮಧ್ಯಾಹ್ನ ಅವನು ತಿಪ್ಪಕ್ಕನ ಅಂಗಡಿಯ ಬೆಂಚಿಗೇ ಬರುತ್ತಿದ್ದ.

“ಸಾಹೇಬ್ರಿಗೆ ಖಾರ ಕಮ್ಮಿ ಹಾಕ್ಲೇನು?”

“ಯಾಕವ್ವ, ನಾನೇನು ಬ್ಯಾರೆ ದೇಶದಾಂವೇನು? ಹಾಕ್ರಿ.”

ಮೊದಲ ಮಿರ್ಚಿಗೇ ಅವನ ಕಣ್ಣಲ್ಲಿ ನೀರು ಬಂತು. ಭವ್ಯ ನೀರಿನ ಲೋಟ ಅವನತ್ತ ಸರಿಸಿದಳು.

“ಟೆಸ್ಟ್ ಮಾಡಲಾರದ ತಿನ್ನಬಾರ್ದು ಸರ್. ಮೊದ್ಲು ಮರಳಿನ ಚೀಲಕ್ಕ ತಿನ್ನಸಬೇಕಿತ್ತು.”

ಅವನು ನಕ್ಕ. ಅವನು ನಕ್ಕಿದ್ದನ್ನು ಅವಳು ನೋಡಿದ್ದು ಅದೇ ಮೊದಲು. ಆ ದಿನ ಸಂಜೆ ಬೋಲ್ಟು ಬಿಗಿಯುವ ಪಾನಾಗಳಿಗೆ ಎಣ್ಣೆ ಹಚ್ಚಿ ಎತ್ತಿಡುವಾಗ ಅವಳಿಗೆ ಅರಿವಿಲ್ಲದೆಯೇ ಅಪ್ಪನ ಪದ ಬಾಯಿಗೆ ಬಂದಿತ್ತು.

ಒಂದು ಭಾನುವಾರ ಕಂಪನಿಯ ದೊಡ್ಡವರು ಬರುತ್ತಾರೆಂದು ಸುದ್ದಿಯಾಯಿತು. ಪಾರ್ಕ್ ಇರಬೇಕೋ ಬೇಡವೋ ಅಂದೇ ತೀರ್ಮಾನ. ಕೆಲಸದವರ ಎದೆ ಕುಸಿಯಿತು. ಆ ತಿಂಗಳು ಜನ ಕಮ್ಮಿ.

ಉಪಾಯ ಹೊಳೆದದ್ದು ಭವ್ಯಳಿಗೆ.

“ನಮ್ಮ ಮಂದಿನ್ನ ಕರಿಯೋಣಲ್ಲ? ಎಲ್ಲಾರ ಬೀಗರು, ನೆಂಟರು... ಪಾರ್ಕ್ ತುಂಬಿ ತುಳುಕಲಿ.”

ಹಾಗೇ ಆಯಿತು. ಕಂಪ್ಲಿಯಿಂದ, ಸಂಡೂರಿನಿಂದ, ದೋಣಿಮಲೈ ಗಣಿ ಕ್ವಾರ್ಟರ್ಸಿನಿಂದ ಟೆಂಪೊ ಕಟ್ಟಿಕೊಂಡು ನೆಂಟರು ಇಳಿದರು. ಮುಂಬೈಯಿಂದ ಬಂದ ಕಂಪನಿಯ ಮೇಡಂ ಗೇಟಿನಲ್ಲಿ ಆ ಜಾತ್ರೆ ನೋಡಿ ಹುಬ್ಬೇರಿಸಿದರು. ಭವ್ಯಳ ಜೀವ ಹಗುರಾಯಿತು... ವೀಲಿನ ಮುಂದೆ ಉದ್ದದ ಸಾಲು. ಅವಳ ಸೋದರತ್ತೆ, ಚಿಕ್ಕಮ್ಮ, ಚಿಕ್ಕಮ್ಮನ ಮಕ್ಕಳು.

ಅಷ್ಟರಲ್ಲಿ ದುರುಗೇಶ್ ಬಂದು ಸಾಲಿಗೆ ಅಡ್ಡ ಹಗ್ಗ ಕಟ್ಟಿದ.

“ವೀಲ್ ಇವತ್ತು ನಡೆಯಂಗಿಲ್ಲ. ಎಲ್ಲಾರೂ ಬ್ಯಾರೆ ಆಟಕ್ಕ ಹೋಗ್ರಿ.”

ಭವ್ಯ ಓಡಿ ಬಂದಳು. “ಯಾಕ ಸರ್? ಮುಂಜಾನೆ ಚೀಲ ಹಾಕಿ ಓಡಿಸೇವಲ್ಲ?”

“ಓಡಸಿದ್ರಿ. ಇಳಿಯೋವಾಗ ನಡುವಿನ ಶಾಫ್ಟ್ ಕಡೆಯಿಂದ ಒಂದು ಸಪ್ಪಳ ಬಂತು. ನಂಗ ಯಾಕೋ ಸರಿ ಅನಸ್ಲಿಲ್ಲ.”

“ಅನಸ್ಲಿಲ್ಲ ಅಂತ ಇವತ್ತೇ ನಿಲ್ಲಸ್ತೀರೇನು? ಬಿಚ್ಚಿ ನೋಡೀರೇನು?”

ಅವನು ಉತ್ತರಿಸುವ ಮೊದಲೇ ಮೇಡಂ ಹತ್ತಿರ ಬಂದರು. ಪ್ರತಿ ಭಾನುವಾರವೂ ಇಷ್ಟು ಜನ ಬರುತ್ತಾರೆಯೇ ಎಂದು ಅವನನ್ನೇ ಕೇಳಿದರು.

ಭವ್ಯಳ ಕಣ್ಣು ಬೇಡಿತು. ಅವನು ಆ ಕಣ್ಣನ್ನು ನೋಡಿದ, ನೋಡಿ ತಲೆ ತಗ್ಗಿಸಿದ.

“ಇಲ್ಲ ಮೇಡಂ. ಇವರೆಲ್ಲ ಇಲ್ಲಿ ಕೆಲಸ ಮಾಡೋರ ನೆಂಟರು.”

ಅವಳಿಗೆ ಮುಂದಿನದು ಕೇಳಿಸಲಿಲ್ಲ. ಕಿವಿಯಲ್ಲಿ ಬರೀ ಗುಂಯ್ ಎನ್ನುವ ಸದ್ದು.

“ತಿಳೀತು ಬಿಡ್ರಿ,” ಎಂದಳು, ತಡೆದು ತಡೆದು. “ನಮ್ಮವ್ವನ ಕೈಯಾಗ ಉಂಡ್ರಿ. ನಮ್ಮಪ್ಪನ ಪದ ಕೇಳಿದ್ರಿ. ಬಂದಿದ್ದು ಮಾತ್ರ ನಮ್ಮ ಗೇಟು ಮುಚ್ಚಾಕ.”

ಅವಳು ತಿರುಗಿಯೂ ನೋಡದೆ ನಡೆದುಬಿಟ್ಟಳು.

ಮರುದಿನ ಬೆಳಿಗ್ಗೆ ಹನುಮಣ್ಣ ಮಗಳನ್ನು ಕರೆದ. ದುರುಗೇಶ್ ಕರೆಸಿದ್ದ ಫಿಟ್ಟರುಗಳು ವೀಲಿನ ನಡುಭಾಗ ಬಿಚ್ಚಿದ್ದರು. ಅವನು ಮಾತ್ರ ಇರಲಿಲ್ಲ. ರಜೆ ಹಾಕಿ ಊರಿಗೆ ಹೋಗಿದ್ದ.

ಭವ್ಯ ಶಾಫ್ಟನ್ನು ಬಟ್ಟೆಯಿಂದ ಒರೆಸಿದಳು. ಉಗುರಿಗೆ ಏನೋ ತಾಗಿತು. ಟಾರ್ಚು ಹಿಡಿದಳು. ಕೂದಲೆಳೆಯಂಥ ಬಿರುಕು, ಒಂದು ಮಗ್ಗುಲಿನಿಂದ ಒಳಕ್ಕೆ ಇಳಿದಿತ್ತು...

ಖಾಲಿ ವೀಲಿಗೆ, ಒಂದೆರಡು ಮರಳಿನ ಚೀಲಕ್ಕೆ ಶಾಫ್ಟು ತಡೆದಿತ್ತು. ತೊಟ್ಟಿಲುಗಳೆಲ್ಲ ತುಂಬಿದ್ದರೆ? ಅತ್ತೆ, ಚಿಕ್ಕಮ್ಮ, ಮಕ್ಕಳು...

ಅವಳು ಅಲ್ಲೇ ಕುಳಿತಳು. ಕೈಗಳು ತಾವಾಗಿಯೇ ಮುಗಿದುಕೊಂಡವು. ನಿನ್ನೆ ದೇವರು ಹಳದಿ ಹೆಲ್ಮೆಟ್ ಹಾಕಿಕೊಂಡು ಬಂದು ಹಗ್ಗ ಕಟ್ಟಿದ್ದ, ತಾನು ಅವನನ್ನೇ ಬೈದು ಬಂದಿದ್ದಳು.

“ನೀ ಪೂರಾ ಕೇಳಿಸ್ಕೊಳ್ಳಲಿಲ್ಲ ಮಗಳ,” ಎಂದ ಹನುಮಣ್ಣ. “ಆಮ್ಯಾಲೆ ಆ ಮೇಡಂಗ ಏನಂದ ಗೊತ್ತೇನು? ‘ಇದು ಸುಳ್ಳು ಗದ್ದಲ ಮೇಡಂ. ಆದ್ರ ಕೆಲಸದ ಜಾಗ ಉಳೀಲಿ ಅಂತ ಮಂದಿ ತಮ್ಮ ಬೀಗರನ್ನ ಕರಕೊಂಡು ಬರೋ ಪಾರ್ಕ್ ನಿಮ್ದು ಇನ್ನೊಂದು ಎಲ್ಲೈತಿ?’ ಅಂದ. ಆಯಮ್ಮ ನಕ್ಕು, ಮುಂದಿನ ಬ್ಯಾಸಿಗಿ ಮುಗಿಯೋತನಕ ನಡೀಲಿ, ಆಮ್ಯಾಲೆ ನೋಡೂಣು ಅಂದ್ಲು. ಆದ್ರ ಈ ಬಿರುಕು ಕಂಡ ಮ್ಯಾಲೆ ವೀಲ್ ಮಾತ್ರ ತಗದುಹಾಕ್ತಾರ.”

“ನಂಗ ನಿನ್ನೇನೇ ಯಾಕ ಹೇಳ್ಲಿಲ್ಲಪ್ಪ?”

“ನೀ ಎಲ್ಲಿ ಬಾಯಿ ತೆರಿಯಾಕ ಬಿಟ್ಟಿ?”

ಅಂದೇ ಮಧ್ಯಾಹ್ನ ದುರುಗೇಶನ ಊರಿಗೆ ಹೊರಟು, ಸಂಡೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತ ಭವ್ಯ ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಕೂಡಿಸುತ್ತಿದ್ದಳು, ಕಳೆಯುತ್ತಿದ್ದಳು. ಅದಿರಿನ ಲಾರಿಗಳು ಎದುರಾದಾಗಲೆಲ್ಲ ಕೆಂಪು ಧೂಳು ಒಳಗೆ ಬಂದು ಅವಳ ಹಸಿರು ದುಪಟ್ಟದ ಮೇಲೆ ಕೂರುತ್ತಿತ್ತು.

ಯಶವಂತನಗರದ ಬಸ್ ನಿಲ್ದಾಣದ ಎದುರಿನ ಚಾ ಅಂಗಡಿಯಲ್ಲಿ ವಿಳಾಸ ಕೇಳಿದಳು. ಅಂಗಡಿಯವನು ಊರುಗೋಲು ಕಂಕುಳಿಗೆ ಆನಿಸಿಕೊಂಡು ಎದ್ದ.

“ದುರುಗೇಶ ನನ್ನ ತಮ್ಮ ಆಗ್ಬೇಕು. ನಾನು ಮಾರೇಶ. ನೀವು... ತೊಟ್ಟಿಲದಾಗ ಕುಂತಿದ್ದ ಮೇಡಂ ಅಲ್ಲೇನು?”

ಭವ್ಯಳ ಕಿವಿ ಕೆಂಪಾಯಿತು. “ಹೇಳ್ಯಾರೇನು?”

“ಮನಿಗೆ ಬಂದಾಗೆಲ್ಲ ಬ್ಯಾರೆ ಮಾತೇ ಇಲ್ರಿ.” ಅವನು ಬೆಂಚು ಒರೆಸಿದ. “ಕುಂದ್ರಿ. ನಮ್ಮ ಗಣಿ ಗ್ಯಾರೇಜಿನಾಗೂ ನಿಮ್ಮಂಗ ಇತ್ತು. ಟಿಪ್ಪರಿಗೆ ಬ್ರೇಕ್ ಕಟ್ಟಿದಾಂವ ತಾನೇ ಮೊದಲನೇ ಟ್ರಿಪ್ ಘಾಟ್ ಇಳಿಸಬೇಕು. ನಾ ಕಟ್ಟಿದ್ದೆ, ನಾನೇ ಇಳಿಸಿದೆ. ನಾ ಏನೂ ತಪ್ಪು ಮಾಡಿರಲಿಲ್ರಿ... ಒಳಗಿನ ಒಂದು ಪೈಪು ಹಳೇದಿತ್ತು, ನಡು ಘಾಟಿನಾಗ ಒಡೀತು, ಬ್ರೇಕ್ ಹಿಡೀಲಿಲ್ಲ. ಇಂವ ಆಗ ಸಣ್ಣಾಂವ, ಘಾಟಿನ ಕೆಳಗ ನಿಂತು ನೋಡಾಕತ್ತಿದ್ದ.”

ಭವ್ಯಳ ಕಣ್ಣು ಅವನ ಊರುಗೋಲಿನತ್ತ ಹೋಯಿತು. ಅಂದು ಬೆಳಿಗ್ಗೆ ಬಿಳಿಚಿದ ಆ ಮುಖದ ಹಿಂದೆ ಒಂದು ಘಾಟೇ ಇತ್ತು. ಅದು ತನಗೆ ಹೇಗೆ ಕಾಣಬೇಕಿತ್ತು?

“ಅಣ್ಣ, ಹಾಲು...” ಎನ್ನುತ್ತಾ ಬಂದ ದುರುಗೇಶ್ ಅವಳನ್ನು ಕಂಡು ನಿಂತುಬಿಟ್ಟ. ಕೈಯಲ್ಲಿ ಹಾಲಿನ ಕ್ಯಾನು, ತಲೆಗೆ ಸುತ್ತಿದ ಟವೆಲ್ಲು.

“ಶಾಫ್ಟ್ ನೋಡಿದೆ,” ಎಂದಳು ಅವಳು. ಬಸ್ಸಿನಲ್ಲಿ ಕೂಡಿಸಿದ ಮಾತೆಲ್ಲ ಎಲ್ಲೋ ಉದುರಿಹೋಗಿತ್ತು. “ನಾ ಅಂದಿದ್ದು ತಪ್ಪಾತು. ಎಲ್ಲಾರ ಮುಂದ ಅಂದೆ. ಅದಕ್ಕ ಇಲ್ಲೀತನಕ ಬಂದೆ, ನಿಮ್ಮ ಊರಾಗ ಎಲ್ಲಾರ ಮುಂದ ಕ್ಷಮಾ ಕೇಳಾಕ.”

“ಎಲ್ಲಾರೂ ಅಂದ್ರ ನಾನೊಬ್ಬನೇ ಅದೀನವ್ವ,” ಎಂದ ಮಾರೇಶ್. “ನಾನೂ ಈಗ ಒಳಗ ಹೊಂಟೆ.” ಊರುಗೋಲಿನ ಸದ್ದು ಪರದೆಯ ಹಿಂದೆ ಸರಿಯಿತು.

ದುರುಗೇಶ್ ಬೆಂಚಿನ ಇನ್ನೊಂದು ತುದಿಗೆ ಕುಳಿತ.

“ನಾ ಸಿಟ್ಟಾಗಿ ಬಂದಿದ್ದಲ್ಲ ಭವ್ಯ. ಹೆದರಿ ಬಂದಿದ್ದು. ಶಾಫ್ಟ್ ಬಿಚ್ಚಿದಾಗ ಏನೂ ಇಲ್ದಿದ್ರ, ನಿಮ್ಮ ಮುಖ ಹೆಂಗ ನೋಡ್ಲಿ ಅಂತ.”

“ಬಿರುಕು ಐತಿ ಅಂತ ಖುಷಿ ಪಡೋದೋ, ಅಳೋದೋ ನಂಗೂ ತಿಳೀಲಿಲ್ಲ.”

ಇಬ್ಬರೂ ನಕ್ಕರು. ನಕ್ಕ ಮೇಲೆ ಅವಳ ಕಣ್ಣು ಒದ್ದೆಯಾಗಿತ್ತು.

“ಅವತ್ತು ನಿಮ್ಮನ್ನ ಅಷ್ಟು ಎತ್ತರದಾಗ ನೋಡಿದೆನಲ್ಲ,” ಅವನ ದನಿ ತಗ್ಗಿತು, “ಆವಾಗಿಂದ ಎದಿ ತಳಕ್ಕ ಇಳಿದಿಲ್ಲ. ಮೊದ್ಲು ಬರೇ ಅಂಜಿಕಿ ಅಂದ್ಕೊಂಡಿದ್ದೆ. ಅಂಜಿಕಿ ಅಷ್ಟೇ ಅಲ್ಲ ಅಂತ ನಿಮ್ಮವ್ವನ ಬೆಂಚಿನ ಮ್ಯಾಲೆ ಗೊತ್ತಾತು... ನಿಮ್ಮಪ್ಪನ ಹತ್ರ ಬಂದು ಕೇಳ್ಬೇಕು ಅಂತೀನಿ. ನೀವು ಹೂಂ ಅಂದ್ರ.”

ಭವ್ಯ ದುಪಟ್ಟದ ಮೇಲಿನ ಕೆಂಪು ಧೂಳನ್ನು ಬೆರಳಿನಿಂದ ಸವರಿದಳು.

“ಅಪ್ಪ ಪದ ಹಾಡೋವಾಗ ಬರ್ಬ್ಯಾಡ್ರಿ. ನೀವು ಕೇಳ್ಕೋತ ನಿಂತುಬಿಡ್ತೀರಿ, ಬಂದ ಕೆಲಸ ಮರೀತೀರಿ.”

ಅದು ಹೂಂ ಎಂದು ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

“ಬ್ಯಾಸಿಗಿ ಮುಗಿದ ಮ್ಯಾಲೆ ಪಾರ್ಕ್ ಇರ್ತೈತೋ ಇಲ್ಲೋ, ನಂಗೂ ಗೊತ್ತಿಲ್ಲ ಭವ್ಯ. ಸುಳ್ಳು ಧೈರ್ಯ ಹೇಳಾಕ ನಂಗ ಬರೋದಿಲ್ಲ.”

“ಪಾರ್ಕಿನ ಮಾತು ಕಂಪನಿಯೋರಿಗೆ ಬಿಡ್ರಿ. ನೀವು ಇರ್ತೀರೇನು?”

“ಇರ್ತೀನಿ.”

“ಹಂಗಾದ್ರ ಆ ಹಾಲು ಒಳಗ ಕೊಡ್ರಿ. ಬಂದಾಗಿಂದ ನಂಗೊಂದು ಚಾ ಸುದ್ದಾ ಯಾರೂ ಕೊಟ್ಟಿಲ್ಲ.”