ನಿಮ್ಮ ಚಿತ್ರ ನನ್ನ ಬಳಿ ಇದೆ

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಹೆಂಗಸು ಬೆಂಚಿನ ಮೇಲೆ ಕೂರಲಿಲ್ಲ. ಅಳುವನ್ನೆಲ್ಲ ಮನೆಯಲ್ಲೇ ಮುಗಿಸಿ ಬಂದ ಮುಖ. ಆಕೆಯ ತಂದೆ ಮಂಗಳವಾರ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೋಗಿ ಮನೆ ಖಾಲಿಯಾಗಿ, ಈ ದಿನ ಅವರ ಕಪಾಟು ತೆರೆದರೆ ಕ್ಯಾಮರಾ ಇರಲಿಲ್ಲ.

"ಬೆಲೆ ಎಷ್ಟಮ್ಮ?" ಎಂದರು ಇನ್ಸ್‌ಪೆಕ್ಟರ್.

"ಹಳೇ ಕಾಲದ್ದು ಸಾರ್, ರೀಲು ಹಾಕೋದು. ಬೆಲೆ ಕ್ಯಾಮರಾಕ್ಕಲ್ಲ. ಅಪ್ಪನ ಕೊನೇ ರೀಲು ಅದರೊಳಗೇ ಇದೆ. ಇನ್ನೂ ತೊಳೆದಿಲ್ಲ. ಯಾರಾದ್ರೂ ಬೆಳಕಿನಲ್ಲಿ ಹಿಂದಿನ ಮುಚ್ಚಳ ತೆಗೆದ್ರೆ ಮುಗೀತು. ಒಂದೂ ಉಳಿಯಲ್ಲ."

ಎಫ್‌ಐಆರ್ ದಾಖಲಾಯಿತು. ಹನ್ನೊಂದೂವರೆಗೆ ಇನ್ಸ್‌ಪೆಕ್ಟರರು ಹೆಡ್ ಕಾನ್‌ಸ್ಟೇಬಲ್ಲರನ್ನು ಕರೆದುಕೊಂಡು ಆ ಮನೆಗೆ ಹೋದರು. ನೆರೆಯ ಇಬ್ಬರನ್ನು ಪಂಚರಾಗಿ ನಿಲ್ಲಿಸಿ ಸ್ಥಳ ಪಂಚನಾಮೆ ಬರೆಸಿದರು.

ತೀರಿಕೊಂಡವರು ನೀರಿನ ಮೀಟರ್ ಓದುವ ಕೆಲಸದಿಂದ ನಿವೃತ್ತರಾದವರು. ಊರಿಗೆಲ್ಲ ಅವರು ಮೀಟರಜ್ಜ. ಫೋಟೊ ತೆಗೆಯುವುದು ಅವರ ಹವ್ಯಾಸ. ಮನೆಯ ಎರಡನೆಯ ಬಚ್ಚಲಿಗೆ ಕಪ್ಪು ಬಟ್ಟೆ ಹೊಡೆದು ಅದನ್ನೇ ಕತ್ತಲಕೋಣೆ ಮಾಡಿಕೊಂಡಿದ್ದರು. ಚೊಂಬು ಇಡುವ ಗೂಡಿನಲ್ಲಿ ಫೋಟೊ ತೊಳೆಯುವ ಔಷಧದ ಬಾಟಲಿಗಳು, ಅಡಿಗೆಮನೆಯಿಂದ ವಲಸೆ ಬಂದ ಎರಡು ತಟ್ಟೆಗಳು, ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪುಗಳು. ಒಂದರ ಮೇಲೂ ಧೂಳಿರಲಿಲ್ಲ.

ಕಪಾಟಿನಲ್ಲಿ ಎರಡು ದುಬಾರಿ ಲೆನ್ಸುಗಳು ಇದ್ದಲ್ಲೇ ಇದ್ದವು.

"ಕಳ್ಳ ಶುದ್ಧ ದಡ್ಡ ಸಾರ್. ಹಣ್ಣು ಬಿಟ್ಟು ಬುಟ್ಟಿ ಹೊತ್ತುಕೊಂಡು ಹೋಗಿದ್ದಾನೆ," ಎಂದರು ಹೆಡ್ ಕಾನ್‌ಸ್ಟೇಬಲ್.

"ದಡ್ಡ ಅಲ್ಲ ಕಣಯ್ಯ. ಬುಟ್ಟಿಯೊಳಗೆ ಏನೋ ಇತ್ತು ಅವನಿಗೆ."

ಇನ್ಸ್‌ಪೆಕ್ಟರರ ಕಣ್ಣು ಮೇಜಿನ ಮೇಲಿದ್ದ ಚಿಕ್ಕ ಕಾರ್ಡುಗಳ ಕಂತೆಯ ಮೇಲೆ ನಿಂತಿತು. ಒಂದನ್ನು ಎತ್ತಿಕೊಂಡರು. ಮನೆಯ ವಿಳಾಸ, ಫೋನ್ ನಂಬರು, ಅದರ ಮೇಲೆ ಎರಡೇ ಸಾಲು: 'ನಿಮ್ಮ ಚಿತ್ರ ನನ್ನ ಬಳಿ ಇದೆ. ಅದು ನಿಮ್ಮದು, ಕೇಳಿ ಪಡೆಯಿರಿ.'

"ಬೀದೀಲಿ ಯಾರ ಫೋಟೊ ತೆಗೆದ್ರೂ ಅಪ್ಪ ಅವರ ಕೈಗೆ ಇದನ್ನ ಕೊಡ್ತಿದ್ರು," ಎಂದರು ಮಗಳು. "ಅವರ ಹವ್ಯಾಸಿಗಳ ಸಂಘದಲ್ಲಿ ಎಲ್ಲರೂ ಕಾರ್ಡು ಮಾಡಿಸಿದ್ರು, ಜೇಬಲ್ಲಿಟ್ಟುಕೊಂಡು ಮರೀತಿದ್ರು. ಅಪ್ಪ ಮಾತ್ರ ಮರೀತಿರಲಿಲ್ಲ. ಕೇಳದೆ ಮುಖ ತಗೊಂಡ ಮೇಲೆ ವಿಳಾಸನಾದ್ರೂ ಕೊಡಬೇಡವೇನೇ ಅನ್ನೋರು."

ಇನ್ಸ್‌ಪೆಕ್ಟರರು ಕಾರ್ಡನ್ನು ಇನ್ನೊಮ್ಮೆ ಓದಿದರು. ಇಷ್ಟು ವರ್ಷದ ನೌಕರಿಯಲ್ಲಿ ತೆಗೆದುಕೊಂಡದ್ದನ್ನು ಹಿಂದಿರುಗಿಸಲು ತಾನಾಗಿ ವಿಳಾಸ ಕೊಟ್ಟವನನ್ನು ಅವರು ಕಂಡಿರಲಿಲ್ಲ.

"ಅಪ್ಪನ ಫೋನು ಎಲ್ಲಿ?"

ಆಸ್ಪತ್ರೆಗೆ ಸೇರಿಸಿದ ದಿನ ಆಫ್ ಮಾಡಿದ ಫೋನು ಮಗಳ ಚೀಲದಲ್ಲೇ ಇತ್ತು. ಆನ್ ಮಾಡಿದ ಕೂಡಲೇ ಯಾರು ಯಾವಾಗ ಕರೆದರೆಂಬ ಸಂದೇಶಗಳು ಒಂದರ ಹಿಂದೆ ಒಂದು ಬಿದ್ದವು. ಕಾರ್ಡು ಪಡೆದವರ ಕರೆಗಳು. ಕೆಲವರು ಈ ದಿನ ಬೆಳಿಗ್ಗೆಯೂ ಮಾಡಿದ್ದರು. ಒಂದು ನಂಬರಿನಿಂದ ಮಾತ್ರ ಬೆಳಿಗ್ಗೆ ಸಂಜೆ ತಪ್ಪದೆ ಬರುತ್ತಿದ್ದ ಕರೆ ಮಂಗಳವಾರಕ್ಕೆ ನಿಂತುಹೋಗಿತ್ತು.

"ತೀರಿಕೊಂಡ ಸುದ್ದಿ ಪೇಪರಿಗೆ ಕೊಟ್ಟಿದ್ರಾ?"

"ಇಲ್ಲ ಸಾರ್."

"ಉಳಿದವರಿಗೆ ಇನ್ನೂ ಗೊತ್ತಿಲ್ಲ, ಅದಕ್ಕೇ ಕರೀತಿದ್ದಾರೆ. ಇವನಿಗೆ ಗೊತ್ತು. ಹೇಗೆ ಗೊತ್ತಾಯ್ತು? ಮಂಗಳವಾರ ಈ ಮನೆಗೆ ಬಂದಿದ್ದ."

ಹೆಡ್ ಕಾನ್‌ಸ್ಟೇಬಲ್ ಟೋಪಿ ಸರಿಮಾಡಿಕೊಂಡರು. ಅದು ಅವರ ಶಹಬ್ಬಾಸ್.

ಫೋನ್ ಕಂಪನಿಯಿಂದ ಆ ನಂಬರಿನ ವಿಳಾಸ ಬರುವ ಹೊತ್ತಿಗೆ ಮಧ್ಯಾಹ್ನ ಮೂರಾಯಿತು. ಅದು ಎರಡು ಬೀದಿಯಾಚೆಯ ಇಸ್ತ್ರಿ ಅಂಗಡಿ. ಮುಚ್ಚಳವನ್ನು ಅವನು ಆಗಲೇ ತೆಗೆದಿದ್ದರೆ ಎಂಬ ಅಂಜಿಕೆ ಜೀಪಿನಲ್ಲಿ ಇನ್ಸ್‌ಪೆಕ್ಟರರ ಜೊತೆಗೇ ಕೂತಿತ್ತು.

ಅಂಗಡಿಯಲ್ಲಿ ಎರಡು ಮೇಜು, ಎರಡು ಇಸ್ತ್ರಿಪೆಟ್ಟಿಗೆ. ಕಿಟಕಿಯ ಬಳಿಯದು ತಣ್ಣಗಿತ್ತು. ಇನ್ನೊಂದರ ಹಿಂದೆ ಐವತ್ತು ದಾಟಿದ ಒಬ್ಬ ತೆಳ್ಳನೆಯ ಮನುಷ್ಯ ನಿಂತಿದ್ದ. ಪೊಲೀಸರನ್ನು ಕಂಡವನು ಮೊದಲು ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದ, ಗಿರಾಕಿಯ ಅಂಗಿ ಸುಡಬಾರದೆಂದು.

"ಮೀಟರಜ್ಜ ಗೊತ್ತಾ?"

"ಗೊತ್ತು ಸಾರ್."

"ಕ್ಯಾಮರಾ ಎಲ್ಲಿ?"

ಅವನು ಸುಳ್ಳು ಹೇಳಲಿಲ್ಲ. ಮಡಿಸಿಟ್ಟ ಚಾದರಗಳ ಅಡಿಯಿಂದ ಒಂದು ಗಂಟನ್ನು ತೆಗೆದ. ಕರಿಯ ಬಟ್ಟೆಯ ಮೇಲೆ ಕರಿಯ ಬಟ್ಟೆ, ಮಡಿಕೆಗಳೆಲ್ಲ ಗೆರೆ ಎಳೆದ ಹಾಗೆ.

"ಸಾರ್, ಕೈ ಒದ್ದೆ ಇಲ್ಲ ತಾನೇ?"

"ನಮಗೇ ಪಾಠ ಹೇಳ್ತಾನಲ್ಲ!" ಎನ್ನುತ್ತಲೇ ಹೆಡ್ ಕಾನ್‌ಸ್ಟೇಬಲ್ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

"ಮುಚ್ಚಳ ತೆಗೆದಿದ್ದೀಯಾ?"

"ಅಯ್ಯೋ, ಉಂಟೇ ಸಾರ್! ಅವಳು ಒಳಗಿದ್ದಾಳೆ."

"ಯಾರು?"

ಅವನು ತಣ್ಣಗಿದ್ದ ಇಸ್ತ್ರಿಪೆಟ್ಟಿಗೆಯ ಕಡೆ ನೋಡಿದ. "ನನ್ನ ಹೆಂಡತಿ. ಈ ಮೋರೆಗೆ ಫೋಟೊ ಬೇರೆ ಕೇಡು ಅಂತ ಜನ್ಮವಿಡೀ ತಪ್ಪಿಸಿಕೊಂಡೋಳು. ಅಜ್ಜ ಕಿಟಕಿ ಹೊರಗಿಂದ ತೆಗೆದು, ಒಳಗೆ ಬಂದು ಕಾರ್ಡು ಕೊಟ್ಟರು. ಅವಳು ರೇಗಿದಳು. ಅದಕ್ಕವರು, ಈಗ ನೀನು ಇದರ ಹೊಟ್ಟೆಯೊಳಗಿದ್ದೀಯಮ್ಮ, ಬೆಳಕಿಗೆ ತಂದ್ರೆ ಓಡಿಹೋಗ್ತೀಯ, ಕತ್ತಲಲ್ಲೇ ಹೆರಿಗೆ ಮಾಡಿಸಬೇಕು ಅಂದ್ರು. ನಕ್ಕಳು ಸಾರ್. ಅವರು ಆಗ ಇನ್ನೊಂದು ತೆಗೆದ್ರು." ಅವನು ಅರ್ಧ ಇಸ್ತ್ರಿಯಾದ ಅಂಗಿಯ ತೋಳನ್ನು ನೇರ ಮಾಡಿದ. "ಅದೇ ವಾರ ಜ್ವರ ನೆತ್ತಿಗೇರಿ ಹೋಗಿಬಿಟ್ಟಳು. ಮನೇಲಿ ಅವಳದು ಒಂದೂ ಫೋಟೊ ಇಲ್ಲ."

"ಹೋಗಿ ಕೇಳಬಹುದಿತ್ತಲ್ಲ?"

"ಕೇಳೋಕೇ ಹೋದೆ. ಹೋದ್ರೆ ಅಜ್ಜನ್ನೇ ಮಲಗಿಸಿದ್ದಾರೆ. ಹೆಣದ ಮುಂದೆ ನಿಂತು ನನ್ನ ಹೆಂಡತಿ ಫೋಟೊ ಕೊಡಿ ಅನ್ನೋದಾ? ಹೊರಡೋಣ ಅಂತಿದ್ದೆ. ಅಳಿಯಂದಿರು ಫೋನಲ್ಲಿ ಹೇಳ್ತಿದ್ರು, ಕಪಾಟಿನ ಸಾಮಾನೆಲ್ಲ ಗುಜರಿಗೆ ಹಾಕಿಬಿಡ್ತೀನಿ ಅಂತ. ಕೈ ತಾನಾಗಿ ಹೋಯ್ತು ಸಾರ್."

ಸಂಜೆ ನಾಲ್ಕೂವರೆಗೆ ಬಂಧನ ದಾಖಲಾಯಿತು. ಮಗಳು ಠಾಣೆಗೆ ಓಡಿ ಬಂದು ದೂರು ವಾಪಸು ತೆಗೆದುಕೊಳ್ಳುತ್ತೇನೆ ಎಂದರು. "ಅದು ನನ್ನ ಕೈಲಿಲ್ಲಮ್ಮ, ಕೋರ್ಟಿನಲ್ಲಿ ಹೇಳಿ. ನಾಳೆ ಜಾಮೀನಿಗೆ ನಾವು ಅಡ್ಡ ಬರಲ್ಲ," ಎಂದರು ಇನ್ಸ್‌ಪೆಕ್ಟರ್. ಅಳಿಯ ಬಾಗಿಲ ಹೊರಗೇ ತಲೆ ತಗ್ಗಿಸಿ ನಿಂತಿದ್ದ.

ಕೋರ್ಟಿನ ಅಪ್ಪಣೆ ಪಡೆದು, ಮುಂದಿನ ವಾರ ಆ ಬಚ್ಚಲಿನಲ್ಲೇ ಪಂಚರ ಮುಂದೆ ರೀಲು ತೊಳೆಯಲಾಯಿತು. ಕೆಲಸ ಮಾಡಿದವರು ಹವ್ಯಾಸಿ ಸಂಘದ ಕಾರ್ಯದರ್ಶಿ. ಜಾಮೀನಿನ ಮೇಲೆ ಬಂದಿದ್ದ ಇಸ್ತ್ರಿಯವನನ್ನೂ ಕರೆಸಿದ್ದರು. ಹೆಡ್ ಕಾನ್‌ಸ್ಟೇಬಲ್ ಹೊಟ್ಟೆ ಎಳೆದುಕೊಂಡು ನಲ್ಲಿಗೆ ಒತ್ತಿ ನಿಂತರು. ರೀಲು ಒಣಗಿದ ಮೇಲೆ, ಕೆಂಪು ದೀಪದಡಿ, ತಟ್ಟೆಯ ಔಷಧದ ನೀರಿನಲ್ಲಿ ಬಿಳಿಯ ಕಾಗದ ತೇಲುತ್ತಿತ್ತು. ಮೊದಲು ಇಸ್ತ್ರಿಪೆಟ್ಟಿಗೆ ಮೂಡಿತು, ಆಮೇಲೆ ಹಬೆ, ಹಬೆಯ ಹಿಂದೆ ಹಲ್ಲೆಲ್ಲ ಕಾಣುವಂತೆ ನಗುವ ಒಬ್ಬ ಹೆಂಗಸು.

ಇಸ್ತ್ರಿಯವನು ಕಾಗದವನ್ನು ಮುಟ್ಟಲಿಲ್ಲ. "ಬಂದೆಯೇನೇ?" ಎಂದ, ಅಷ್ಟೆ.

ರೀಲಿನ ಕೊನೆಯ ಚಿತ್ರದಲ್ಲಿ ಮಗಳಿದ್ದರು. ಕುರ್ಚಿಯಲ್ಲಿ ಕೂತಲ್ಲೇ, ಬಾಯಿ ಅರೆತೆರೆದು ನಿದ್ದೆಹೋಗಿದ್ದರು. ತಂದೆಯ ಎದೆನೋವು ಶುರುವಾದ ಮೇಲಿನ ಒಂದು ಮಧ್ಯಾಹ್ನವಿರಬೇಕು.

"ನೋಡಿ ಸಾರ್ ಅಪ್ಪನ್ನ!" ಎಂದರು ಆಕೆ ನಗುತ್ತ, ಅಳುತ್ತ. "ನನಗೆ ಮಾತ್ರ ಕಾರ್ಡೇ ಕೊಡಲಿಲ್ಲ."

ಮೇಜಿನ ಮೇಲಿನ ಕಂತೆಯಿಂದ ಒಂದು ಕಾರ್ಡು ತೆಗೆದು ಇನ್ಸ್‌ಪೆಕ್ಟರರು ಆಕೆಯ ಅಂಗೈಯಲ್ಲಿಟ್ಟರು. ಪಂಚನಾಮೆಗೆ ಸಹಿಗಳಾದವು. ಹೊರಗೆ ಅಂಗಳಕ್ಕೆ ಬಂದು ಇನ್ಸ್‌ಪೆಕ್ಟರರು ಟೋಪಿ ತೆಗೆದು ಕಣ್ಣು ಮುಚ್ಚಿದರು.

ದೇವರೇ, ಎಲ್ಲರ ಮುಖವನ್ನೂ ಜೋಪಾನ ಮಾಡಿ ಹಿಂದಿರುಗಿಸಿದ ಈ ಹಿರಿಯನನ್ನು ನಿನ್ನ ಬೆಳಕಿನಲ್ಲಿ ಜೋಪಾನ ಮಾಡು. ಹಬೆಯ ಹಿಂದೆ ನಕ್ಕ ಆ ತಾಯಿಯನ್ನೂ. ಇಬ್ಬರ ಆತ್ಮಕ್ಕೂ ಶಾಂತಿ ಕೊಡು.