ಕಿಡಿ ಹಾರದ ಗಾಡಿ

ಅಣ್ಣ ಕರಿಯಪ್ಪನ ಆ ಒಂದು ಮಾತನ್ನು ಮರೆಯಲು ಶಶಿಕುಮಾರನಿಗೆ ಆಗಲೇ ಇಲ್ಲ. ಹಾವು ಕಚ್ಚಿದ ಮಗಳು ಪುಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಹೊಲದಿಂದ ಓಡಿ ಬಂದಾಗ, ಅಂತರಸಂತೆಯ ಅಣ್ಣನ ಮನೆ ಮುಂದೆ ಕಾರು ನಿಂತೇ ಇತ್ತು. "ಸ್ಟಾರ್ಟ್ ಆಯ್ತಿಲ್ಲ ಕಣ್ಲಾ, ಪ್ಲಗ್ ಓಗ್ಬುಟ್ಟದೆ," ಎಂದಿದ್ದ ಅಣ್ಣ. ಆಟೊ ಹುಡುಕಿ ಕೋಟೆ ಪಟ್ಟಣದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗುವಿನ ಕೈ ತಣ್ಣಗಾಗಿತ್ತು. ಅದೇ ವಾರ ಅದೇ ಕಾರು ಸಂತೆಗೆ ಹೋಗಿಬರುವುದನ್ನು ಶಶಿ ಕಣ್ಣಾರೆ ಕಂಡ. ಕೆಟ್ಟಿದ್ದು ಗಾಡಿಯಲ್ಲ, ಅಣ್ಣನ ಮನಸ್ಸು ಎಂದು ತೀರ್ಮಾನಿಸಿದ.

ಅಣ್ಣ ಹೇಳಿದ ಸುಳ್ಳಿನಿಂದಲೇ ಅಣ್ಣ ಸಾಯಬೇಕು. ಅದಕ್ಕಾಗಿ ಶಶಿ ಹುಣಸೂರಿನ ಖದೀರನ ಗ್ಯಾರೇಜಿನಲ್ಲಿ ಆಗಾಗ ಕೂತು ಪ್ಲಗ್ಗಿನ ವಿಷಯ ಕಲಿತ. "ಪೆಟ್ರೋಲು, ಗಾಳಿ ಎಷ್ಟಿದ್ರೂ ಪ್ಲಗ್ಗಿಂದ ಕಿಡಿ ಆರ್‍ಲಿಲ್ಲ ಅಂದ್ರೆ ಇಂಜಿನ್ನು ಹೆಣ ಕಣಪ್ಪ," ಎನ್ನುತ್ತಿದ್ದ ಖದೀರ್. ನಾಲ್ಕರಲ್ಲಿ ಒಂದು ಪ್ಲಗ್ ಸತ್ತರೆ ಗಾಡಿ ಕುಂಟುತ್ತದೆ, ಆದರೆ ಓಡುತ್ತದೆ. ಕುಂಟಿಸಿಕೊಂಡಾದರೂ ಹೋಗಬಹುದಿತ್ತಲ್ಲ ಎಂದು ನಾಳೆ ಯಾರೂ ಕೇಳಬಾರದು; ನಾಲ್ಕೂ ಸತ್ತಿರಬೇಕು. ಬುಡದಲ್ಲಿ ಪಿಂಗಾಣಿ ಸೀಳಿ ಕಿಡಿ ಹಾರಿಸದಂತಾದ ನಾಲ್ಕು ಪ್ಲಗ್ಗುಗಳನ್ನು ಗುಜರಿಯಿಂದ ಆಯ್ದು ಇಟ್ಟುಕೊಂಡ.

ಕರಿಯಪ್ಪನಿಗೆ ಒಮ್ಮೆ ಹೃದಯಾಘಾತವಾಗಿತ್ತು. ಮತ್ತೆ ಎದೆ ಹಿಡಿದರೆ ತಡ ಮಾಡಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರು. ಅಣ್ಣನ ಕಾರು ಓಡಿಸುವ ಕೆಲಸವನ್ನು ಶಶಿ ತಾನಾಗಿಯೇ ವಹಿಸಿಕೊಂಡು, ಆ ಪ್ಲಗ್ಗುಗಳನ್ನು ಸೀಟಿನಡಿ ಬಚ್ಚಿಟ್ಟ. ಶಶಿ ಮಗಳ ದುಃಖ ಮರೆತನೆಂದು ಮನೆಯವರೆಲ್ಲ ಹಿಗ್ಗಿದರು.

ಸುಗ್ಗಿ ಮುಗಿದ ಒಂದು ಬೆಳಿಗ್ಗೆ ಅಣ್ಣನಿಗೆ ಎದೆ ಹಿಡಿಯಿತು. ಅತ್ತಿಗೆ ಸಾಕಮ್ಮ ಗಂಡನನ್ನು ಹಿಂದಿನ ಸೀಟಿಗೆ ಒರಗಿಸಿ, "ಬಿರ್ರನೆ ಓಗಪ್ಪ, ನಾನು ದುಡ್ಡು ತಕ್ಕಂಡು ಆಟೊದಲ್ಲಿ ನಿಮ್ಮ ಬೆನ್ನಿಂದೇನೇ ಬತ್ತೀನಿ," ಎಂದಳು. ಜನ ಓಡಾಡದ, ಫೋನಿಗೆ ಸಿಗ್ನಲ್ ಸಿಗದ ಕಾಡಂಚಿನ ಅಡ್ಡರಸ್ತೆಗೆ ಶಶಿ ಕಾರು ತಿರುಗಿಸಿ ನಿಲ್ಲಿಸಿದ. ಬಾನೆಟ್ ಎತ್ತಿದ. ಕಾದ ಪ್ಲಗ್ಗುಗಳನ್ನು ಸ್ಪಾನರಿನಿಂದ ಸಡಿಲಿಸಿ, ಬಟ್ಟೆ ಸುತ್ತಿ ಬಿಚ್ಚಿ ಲಂಟಾನ ಪೊದೆಯತ್ತ ಬೀಸಿ ಎಸೆದ. ಸತ್ತ ನಾಲ್ಕನ್ನು ಬಿಗಿದ.

"ಏನಾಯ್ತಲಾ?" ಒಳಗಿಂದ ಕ್ಷೀಣ ದನಿ.

"ಪ್ಲಗ್ ಓಗ್ಬುಟ್ಟದೆ ಅಣ್ಣ."

ಕರಿಯಪ್ಪ ಬಾಗಿಲ ಬಳಿ ಬಂದ ತಮ್ಮನ ಕೈಗಾಗಿ ತಡಕಾಡಿದ. "ಪುಟ್ಟಿ ದಿನಾನೂ ಇಂಗೇ ಆಗಿದ್ದು ಕಣ್ಲಾ. ಪ್ಲಗ್ಗು ಪೆಟ್ರೋಲಲ್ಲಿ ಬರೀ ನೆಂದಿತ್ತಂತೆ. ಬಿಚ್ಚಿ ಒರೆಸಾಕಿದ್ರೆ ಓಡ್ತಿತ್ತು ಅಂದ ಆಮೇಲೆ ಬಂದ ಮೆಕ್ಯಾನಿಕ್ಕು. ನಂಗೆ ಗೊತ್ತಿರ್ನಿಲ್ಲ ಕಣ್ಲಾ. ಅಷ್ಟೊಂದು ಸಣ್ಣ ಕೆಲ್ಸ... ಯಾವ ಮೊಕ ಇಟ್ಕಂಡು ನಿಂಗೆ ಏಳ್ಳಿ?"

ಶಶಿ ಪೊದೆಗೆ ನುಗ್ಗಿದ. ಮುಳ್ಳು ತರಚಿ ಕೈಯೆಲ್ಲ ರಕ್ತವಾದರೂ ನೆಲ ಕೆದಕಿದ, ಎಲೆ ಬಾಚಿದ, ಅಳುತ್ತಾ ಹುಡುಕಿದ. ಒಂದು ಪ್ಲಗ್ಗೂ ಸಿಗಲಿಲ್ಲ. ಹಿಂದಿರುಗಿ ಬರುವಷ್ಟರಲ್ಲಿ ಅಣ್ಣನ ಕೈ ಸೀಟಿನಿಂದ ಕೆಳಗೆ ಜೋತುಬಿದ್ದಿತ್ತು.

ತಿಥಿ ಕಳೆದ ಮೇಲೆ ಸಾಕಮ್ಮ ಹುಣಸೂರಿನ ಖದೀರನ ಗ್ಯಾರೇಜಿಗೆ ಬಂದಳು. ಎಳೆಸಿಕೊಂಡು ಅಲ್ಲಿಗೆ ತಂದಿದ್ದ ಕಾರಿಗೆ ಏನಾಗಿತ್ತೆಂದು ತಿಳಿಯದೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಕರೆತಂದವನು ಶಶಿಯೇ. ಯಾರು ನೋಡಿದರೂ ತಪ್ಪು ಗಾಡಿಯದೇ ಎನ್ನುತ್ತಾರೆಂಬ ಧೈರ್ಯವೊಂದೇ ಈಗ ಅವನಲ್ಲಿ ಉಳಿದಿತ್ತು. ಖದೀರ್ ಪ್ಲಗ್ಗುಗಳನ್ನು ಬಿಚ್ಚಿ ಅವಳ ಅಂಗೈಯಲ್ಲಿಟ್ಟ. "ನಿಮ್ಮ ಮೈದುನಂದು ಏನೂ ತಪ್ಪಿಲ್ಲಮ್ಮ. ನಾಲ್ಕೂ ಯಾವತ್ತೋ ಸತ್ತೋಗವೆ. ಇವನ್ನ ಆಕ್ಕಂಡು ದೇವ್ರೇ ಬಂದ್ರೂ ಈ ಗಾಡಿ ಸ್ಟಾರ್ಟ್ ಆಗಕಿಲ್ಲ." ಸಾಕಮ್ಮ ಅವುಗಳನ್ನೇ ನೋಡುತ್ತ ನಿಂತಳು. ಆಮೇಲೆ ಶಶಿಯತ್ತ ಮುಖವೆತ್ತಿ, ನಿಜಕ್ಕೂ ಅರ್ಥವಾಗದವಳಂತೆ ಮೆಲ್ಲಗೆ ಕೇಳಿದಳು: "ಅಂಗಾದ್ರೆ ಅವತ್ತು ನಮ್ಮನೆ ಬಾಗ್ಲಿಂದ ಗಾಡಿ ಎಂಗಪ್ಪ ಒಂಟ್ತು?"